ಮಾದರಿ ನೀರುನಾಯಿ

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಪ್ರೌಢಶಾಲಾ ಮಕ್ಕಳಿಗಾಗಿ ಏರ್ಪಡಿಸಲಾಗಿದ್ದ ಪ್ರಬಂಧ ಸ್ಪರ್ಧೆಯ ವಿಷಯವು ‘ಗ್ರಾಹಕ ಸಮಾಜ, ಅಪರೂಪದ ಸಸ್ತನಿ ಮತ್ತು ಸಾಹಿತ್ಯ’ ಎಂಬುದಾಗಿದ್ದು, ಇದರಲ್ಲಿ ಯಾರ ತಪ್ಪೂ ಇರುವುದಿಲ್ಲ.

ನಡೆದದ್ದು ಇಷ್ಟು. ಮೂರು ಇಲಾಖೆಗಳಿಂದ ಮೂರು ಸುತ್ತೋಲೆಗಳು ಒಂದೇ ದಿನ ಬಂದವು. ಗ್ರಾಹಕರ ಜಾಗೃತಿಗೆ ಒಂದು ಪ್ರಬಂಧ ಸ್ಪರ್ಧೆ ಮಾಡಿ ಎಂದು ಒಂದು, ಕಾಡುಪ್ರಾಣಿಗಳ ಬಗ್ಗೆ ಒಂದು ಮಾಡಿ ಎಂದು ಇನ್ನೊಂದು, ಮಕ್ಕಳಲ್ಲಿ ಸಾಹಿತ್ಯಾಭಿರುಚಿ ಬೆಳೆಸಲು ಒಂದು ಮಾಡಿ ಎಂದು ಮತ್ತೊಂದು. ಎರಡೂ ತಾಲ್ಲೂಕುಗಳ ಜಂಟಿ ಸ್ಪರ್ಧಾ ಸಮನ್ವಯ ಸಮಿತಿಯ ಕಚೇರಿಯಲ್ಲಿ ಅವತ್ತು ಉಳಿದಿದ್ದದ್ದು ಒಂದೇ ಒಂದು ಟ್ಯಾಗು. ಗುಮಾಸ್ತ ಶಿವಮೂರ್ತಿ ಮೂರಕ್ಕೂ ತೂತು ಹೊಡೆದು ಅದೊಂದೇ ಟ್ಯಾಗಿಗೆ ಪೋಣಿಸಿ ಗಂಟು ಹಾಕಿದ. ಪೋಣಿಸಿದ ಮೇಲೆ ಅದು ಒಂದು ಕಡತ. ಒಂದು ಕಡತಕ್ಕೆ ಒಂದು ಸಂಖ್ಯೆ, ಒಂದು ಸಂಖ್ಯೆಗೆ ಒಂದು ವಿಷಯ. ಗಂಟು ಬಿಚ್ಚಬೇಕಾದರೆ ಮೇಲಧಿಕಾರಿಗಳ ಅನುಮತಿ ಬೇಕು. ಅನುಮತಿ ಕೋರಿ ಬರೆದ ಪತ್ರವನ್ನು ಅದೇ ಟ್ಯಾಗಿಗೆ ಪೋಣಿಸಬೇಕು, ಅದಕ್ಕೆ ಗಂಟು ಬಿಚ್ಚಬೇಕು. ಹೀಗಾಗಿ ಯಾರೂ ಬಿಚ್ಚಲಿಲ್ಲ.

ಮೂಗೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುವ ಹೇಮಲತಾ ಮೇಡಂ ಇಪ್ಪತ್ತೆರಡು ವರ್ಷ ಸರ್ವಿಸ್ ಆದವರು, ಮೌಲ್ಯಮಾಪನ ಅಂದರೆ ಇವರನ್ನೇ ಕರೆಯುವುದು. ಪೂರ್ವಭಾವಿ ಸಭೆಯಲ್ಲಿ ಎದ್ದು ನಿಂತು ಕೇಳಿದರು.

“ಸಾರ್, ಇದು ಮೂರು ವಿಷಯ ಅಲ್ವಾ?”

ಸಮಿತಿಯ ಸಂಯೋಜಕ ಅಮೃತೇಶ್ ಸುತ್ತೋಲೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. “ವಿಷಯ ಒಂದೇ ಮೇಡಂ. ಹೆಸರು ಸ್ವಲ್ಪ ಉದ್ದ ಇದೆ, ಅಷ್ಟೆ.”

ಸಭೆ ಇದನ್ನು ಒಪ್ಪಿ ಟೀ ಕುಡಿಯಿತು.

ನಮ್ಮ ಕಡೆ ಪ್ರಬಂಧ ಸ್ಪರ್ಧೆ ಹೇಗೆ ನಡೆಯುತ್ತದೆ ಎಂಬುದನ್ನು ಗೊತ್ತಿಲ್ಲದವರಿಗೆ ಹೇಳಬೇಕು. ಮೊದಲು ಕಚೇರಿಯಿಂದ ಮಾದರಿ ಪ್ರಬಂಧ ಬರುತ್ತದೆ. ಅದು ವಾಟ್ಸಾಪಿನಲ್ಲಿ ಹೆಡ್‌ಮಾಸ್ಟರಿಗೆ ಬಂದು, ಹೆಡ್‌ಮಾಸ್ಟರಿಂದ ಕನ್ನಡ ಮೇಷ್ಟ್ರಿಗೆ ಬಂದು, ಅವರಿಂದ ಬೋರ್ಡಿಗೆ ಬರುತ್ತದೆ. ಮಕ್ಕಳು ಅದನ್ನು ಉರು ಹೊಡೆಯುತ್ತಾರೆ. ಸ್ಪರ್ಧೆಯ ದಿನ ಯಾರು ಒಂದಕ್ಷರವೂ ತಪ್ಪದಂತೆ ಅದನ್ನೇ ಬರೆಯುತ್ತಾರೋ ಅವರಿಗೆ ಬಹುಮಾನ. ಇದರಿಂದ ಜಗಳವಿಲ್ಲ, ಪಕ್ಷಪಾತವಿಲ್ಲ, ಮೌಲ್ಯಮಾಪಕರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಲ್ಲ ಮಕ್ಕಳೂ ಒಂದೇ ರೀತಿ ಯೋಚಿಸುವುದನ್ನು ನೋಡಿ ತಂದೆ ತಾಯಂದಿರಿಗೂ ಸಮಾಧಾನ.

ಆ ವರ್ಷದ ಮಾದರಿಯನ್ನು ಐದು ಜನರ ಉಪಸಮಿತಿ ರಚಿಸಿತು. ಅದು ಹೀಗೆ ಶುರುವಾಗುತ್ತಿತ್ತು: ‘ಗ್ರಾಹಕನೇ ರಾಜನು. ಸಸ್ತನಿಗಳಲ್ಲಿ ನೀರುನಾಯಿಯು ಅಪರೂಪವಾದುದು. ಸಾಹಿತ್ಯವು ಜೀವನದ ಕನ್ನಡಿಯು. ಆದುದರಿಂದ ನಾವೆಲ್ಲರೂ ತಪ್ಪದೇ ರಸೀದಿಯನ್ನು ಕೇಳಿ ಪಡೆಯೋಣ.’

ಮುನ್ನೂರ ಐದು ಪ್ರಬಂಧಗಳು ಬಂದವು. ಮೊದಲ ಬಹುಮಾನ ಪಡೆದವರು ಮೈಸೂರಿನ ಸಮಾರಂಭದಲ್ಲಿ, ದೊಡ್ಡ ವೇದಿಕೆಯ ಮೇಲೆ, ಮೈಕಿನ ಮುಂದೆ ತಮ್ಮ ಪ್ರಬಂಧವನ್ನು ಓದಬೇಕು. ಅವರ ಮನೆಯ ಒಬ್ಬರಿಗೆ ಮುಂದಿನ ಸಾಲಿನಲ್ಲಿ ಬಟ್ಟೆ ಹೊದಿಸಿದ ಕುರ್ಚಿ.

ಹೇಮಲತಾ ಮೇಡಂ ಬೆಳಗ್ಗೆ ಹತ್ತಕ್ಕೆ ಕೂತವರು ಮಧ್ಯಾಹ್ನದ ಹೊತ್ತಿಗೆ ಇನ್ನೂರ ಹದಿನಾರು ಸಲ ರಸೀದಿಯನ್ನು ಕೇಳಿ ಪಡೆದಿದ್ದರು. ಇನ್ನೂರ ಹದಿನೇಳನೆಯದನ್ನು ತೆಗೆದರು. ಅದರಲ್ಲಿ ಹೀಗಿತ್ತು:

‘ನಮ್ಮೂರ ಹೊಳೆಯಲ್ಲಿ ಒಬ್ಬ ಗ್ರಾಹಕ ಇದ್ದಾನೆ. ಅವನು ನೀರುನಾಯಿ. ಬೆಳಗ್ಗೆ ಆರು ಗಂಟೆಗೆ ನಮ್ಮಪ್ಪ ಸಣ್ಣಯ್ಯನ ಬಲೆಗೆ ಬರುತ್ತಾನೆ. ಮೀನುಗಳನ್ನು ಒಂದೊಂದೇ ಮೂಸುತ್ತಾನೆ. ಜಿಲೇಬಿ ಮೀನು ಅವನಿಗೆ ಬೇಡ. ಕಾಟ್ಲಾ ಆದರೆ ತಲೆಯಿಂದ ಶುರು ಮಾಡುತ್ತಾನೆ. ಗ್ರಾಹಕರು ಮಾಲಿನ ಗುಣಮಟ್ಟ ನೋಡಿ ತೆಗೆದುಕೊಳ್ಳಬೇಕು ಎಂದು ನಮ್ಮ ಪಾಠದಲ್ಲಿದೆ. ಅವನು ಪಾಠ ಓದದೆಯೇ ನೋಡಿ ತೆಗೆದುಕೊಳ್ಳುತ್ತಾನೆ. ರಸೀದಿ ಕೇಳುವುದಿಲ್ಲ. ಬಲೆ ಹರಿದರೆ ತಿರುಗಿ ನೋಡುವುದಿಲ್ಲ. ಸಾಹಿತ್ಯದ ಬಗ್ಗೆ ಹೇಳುವುದಾದರೆ, ನಮ್ಮ ಮನೆಯಲ್ಲಿ ಪುಸ್ತಕ ಇಲ್ಲ, ಅಜ್ಜಿ ಇದ್ದಾಳೆ. ಅವಳು ದಡದ ಮೇಲೆ ನಿಂತು ಅವನನ್ನು ಬೈಯುತ್ತಾಳೆ. ನಿನ್ನೆ ಬೈದಂತೆ ಇವತ್ತು ಬೈಯುವುದಿಲ್ಲ, ದಿನಾ ಹೊಸದು. ಅದಕ್ಕೇ ಅದು ಸಾಹಿತ್ಯ ಇರಬೇಕು ಎಂದು ನನಗೆ ಅನ್ನಿಸುತ್ತದೆ.’

ಕೆಳಗೆ ಅಜ್ಜಿಯ ಬೈಗುಳದ ಒಂದು ಉದಾಹರಣೆಯೂ ಇತ್ತು. ಅದನ್ನು ಓದಿ ಹೇಮಲತಾ ಮೇಡಂ ಗಟ್ಟಿಯಾಗಿ ನಕ್ಕುಬಿಟ್ಟರು. ಮೌಲ್ಯಮಾಪನ ಕೇಂದ್ರದಲ್ಲಿ ಹೀಗೆ ಯಾರೂ ನಕ್ಕ ದಾಖಲೆ ಇಲ್ಲವಾದ್ದರಿಂದ ಶಿವಮೂರ್ತಿ ಓಡಿಬಂದ.

“ಯಾಕ್ ಮೇಡಂ, ಉಸಾರಿಲ್ವಾ?”

“ಇದನ್ನ ಓದಿ ನೋಡಿ ಶಿವಮೂರ್ತಿ. ಮೂರು ವಿಷಯಾನೂ ಒಂದು ಮಾಡಿಬಿಟ್ಟಿದೆ ಈ ಮಗು! ಇಪ್ಪತ್ತೈದಕ್ಕೆ ಇಪ್ಪತ್ತೈದು ಕೊಡ್ಬೇಕು.”

ಶಿವಮೂರ್ತಿ ಓದಲಿಲ್ಲ. ಓದುವುದು ಅವನ ಕೆಲಸವಲ್ಲ. ಕೋಷ್ಟಕ ತೆಗೆದು ಹೋಲಿಸಿದ. ಮಾದರಿಯಲ್ಲಿ ಇಪ್ಪತ್ತೈದು ವಾಕ್ಯ, ವಾಕ್ಯಕ್ಕೊಂದು ಅಂಕ. ಇದರಲ್ಲಿ ಅವುಗಳಲ್ಲಿ ಒಂದೂ ಇರಲಿಲ್ಲ. “ಸೊನ್ನೆ ಬತ್ತದೆ ಮೇಡಂ,” ಎಂದ. “ಬರೀ ಸೊನ್ನೆ ಆಗಿದ್ರೆ ಪರ್ವಾಗಿರ್ಲಿಲ್ಲ. ಏಳನೇ ನಿಯಮ ಒಂದದೆಯಲ್ಲ.”

ಏಳನೇ ನಿಯಮ ಇಂತಿದೆ: ‘ಯಾವುದೇ ಪ್ರಬಂಧವು ಮಾದರಿ ಪ್ರಬಂಧವನ್ನು ಹೋಲದೇ ಇದ್ದಲ್ಲಿ, ಸದರಿ ಪ್ರಬಂಧವನ್ನು ವಿದ್ಯಾರ್ಥಿಯು ಬೇರೆಲ್ಲಿಂದಲೋ ನಕಲು ಮಾಡಿರುವುದಾಗಿ ಭಾವಿಸಿ ವಿಚಾರಣೆಗೆ ಒಳಪಡಿಸತಕ್ಕದ್ದು.’

ವಿಚಾರಣೆಗೆ ಬಂದವಳು ಒಂಬತ್ತನೇ ಕ್ಲಾಸಿನ ಧನುಶ್ರೀ, ನರಸೀಪುರದ ಹತ್ತಿರದ ಹೊಳೆಸಾಲಿನ ಹುಡುಗಿ. ಬೋರ್ಡಿನ ಮೇಲೆ ಮಾದರಿ ಬರೆದ ದಿನ ಅವಳು ಶಾಲೆಗೆ ಹೋಗಿರಲಿಲ್ಲ, ಹರಿದ ಬಲೆ ಹೆಣೆಯಲು ಅಪ್ಪನ ಜೊತೆ ಕೂತಿದ್ದಳು. ವಿಷಯ ಮಾತ್ರ ಗೆಳತಿಯಿಂದ ಗೊತ್ತಾಗಿತ್ತು.

“ಇದನ್ನ ಎಲ್ಲಿಂದ ತಗೊಂಡೆ?” ಅಮೃತೇಶ್ ಕೇಳಿದರು.

“ಹೊಳೆಯಿಂದ ಸಾ.”

“ಯಾವ ಪ್ರಕಾಶನ?”

“ಪುಸ್ತಕ ಅಲ್ಲ ಸಾ. ನೀರು ಅರೀತದಲ್ಲ, ಆ ಒಳೆ. ನಾನೇ ಕಣ್ಣಾರ ನೋಡಿವ್ನಿ.”

ಅಮೃತೇಶ್ ಶಿವಮೂರ್ತಿಯ ಕಡೆ ತಿರುಗಿದರು. “ಆಧಾರ ಗ್ರಂಥ ಇಲ್ಲ ಅಂತ ಬರ್ಕೊ. ನೋಡಿದ್ದೀನಿ ಅಂತಾಳೆ, ಅದನ್ನೂ ಬರ್ಕೊ. ಎರಡೂ ಗಂಭೀರ.”

ಹುಡುಗಿ ಅಳಲಿಲ್ಲ. ಹೊರಗೆ ಜಗುಲಿಗೆ ಬಂದ ಮೇಲೆ ಹೇಮಲತಾ ಮೇಡಂ ಅವಳ ತಲೆ ಸವರಿ, ಏನು ಬೇಕು ಮಗು ನಿನಗೆ ಎಂದು ಕೇಳಿದರು. ಧನುಶ್ರೀ ಯೋಚಿಸಿ ಇಟ್ಟುಕೊಂಡಿದ್ದವಳಂತೆ ಹೇಳಿದಳು. “ಮೈಸೂರಲ್ಲಿ ಮೈಕಲ್ಲಿ ಓದ್ಬೇಕು ಮಿಸ್. ನಮ್ಮಜ್ಜಿ ಮುಂದ್ಗಡೆ ಕುರ್ಚೀಲಿ ಕೂತ್ಕಂಡು ಕೇಳ್ಬೇಕು. ಅವಳು ಬೈಯೋದ್ನ ಇದುವರ್ಗೂ ಆ ನೀರುನಾಯಿ ಬುಟ್ರೆ ಯಾರೂ ನೆಟ್ಟಗೆ ಕೇಳಿಲ್ಲ.”

ಹೇಮಲತಾ ಮೇಡಂಗೆ ಈ ಮಾತು ಎದೆಗೆ ತಾಗಿತು. ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಪ್ರಬಂಧ ತಿದ್ದಿದ್ದರೂ ಒಂದನ್ನು ಹೀಗೆ ಓದಿದ್ದು ಇದೇ ಮೊದಲು ಎಂದು ಅವರಿಗೆ ಅನ್ನಿಸಿ ಸಂಕಟವಾಯಿತು. ಒಳಗೆ ಹೋಗಿ ಒಂದು ಟಿಪ್ಪಣಿ ಬರೆದು ಕೊಟ್ಟರು. ಪ್ರಬಂಧದಲ್ಲಿರುವುದು ನಿಜವೋ ಸುಳ್ಳೋ ಎಂದು ಸ್ಥಳಕ್ಕೆ ಹೋಗಿ ಪರಿಶೀಲಿಸಬೇಕು, ನಿಜವಾದರೆ ಮಗುವಿಗೆ ನ್ಯಾಯ ಸಿಗಬೇಕು. ಆ ಟಿಪ್ಪಣಿಯೇ ಮುಂದಿನ ಎಲ್ಲಕ್ಕೂ ಕಾರಣವಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಮಹಜರಿನ ದಿನ ಬೆಳಗ್ಗೆ ಐದೂ ಮುಕ್ಕಾಲಿಗೆ ಅಮೃತೇಶ್, ಶಿವಮೂರ್ತಿ, ಹೇಮಲತಾ ಮೇಡಂ ಹೊಳೆಯ ದಡದಲ್ಲಿ ಹಾಜರಿದ್ದರು. ನೀರುನಾಯಿಗೆ ಮೂರು ದಿನ ಮುಂಚೆಯೇ ನೋಟೀಸು ಕೊಡಬೇಕಿತ್ತು. ವಿಳಾಸ ಸರಿಯಾಗಿ ಗೊತ್ತಿಲ್ಲದ ಕಾರಣ, ನೋಟೀಸನ್ನು ದಡದ ಹೊಂಗೆಮರಕ್ಕೆ ಅಂಟಿಸಲಾಗಿತ್ತು.

ಆರು ಗಂಟೆ ಮೂರು ನಿಮಿಷಕ್ಕೆ ನೀರಿನಲ್ಲಿ ಒಂದು ತಲೆ ಎದ್ದಿತು. ಚಪ್ಪಟೆ ತಲೆ, ಮೀಸೆ, ಮೀಸೆಯ ತುಂಬ ನೀರು. ಬಲೆಯ ಹತ್ತಿರ ಬಂದು ಒಂದು ಜಿಲೇಬಿಯನ್ನು ಮೂಸಿ ಬಿಟ್ಟಿತು. ಇನ್ನೊಂದನ್ನು ಬಿಟ್ಟಿತು. ಕಾಟ್ಲಾ ಸಿಕ್ಕಿತು, ತಲೆಯಿಂದ ಶುರು ಮಾಡಿತು.

“ಮಾಲಿನ ಗುಣಮಟ್ಟ ಪರಿಶೀಲಿಸಿ ಆಯ್ಕೆ ಮಾಡಿರುತ್ತದೆ,” ಅಮೃತೇಶ್ ಹೇಳಿಬರೆಸಿದರು.

“ರಸೀದಿ?” ಶಿವಮೂರ್ತಿ ಕೇಳಿದ.

“ಕೇಳಿಲ್ಲ ಅಂತ ಬರಿ.”

ಅಷ್ಟರಲ್ಲಿ ಸಣ್ಣಯ್ಯನ ತಾಯಿ ಮರಿತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಅಧಿಕಾರಿಗಳನ್ನು ಕಂಡು ಕೈಮುಗಿದಳು, ಮುಗಿದ ಕೈಯನ್ನು ಬಿಚ್ಚಿ ಹೊಳೆಯ ಕಡೆ ನೀಡಿದಳು.

“ಏ ನಿನ್ ಮೀಸೆಗ್ ಬೆಂಕಿ ಆಕ! ಮದ್ವೆ ಮನೇಲಿ ಮೂರ್ನೇ ಪಂಕ್ತಿಗೂ ಎಲೆ ಇಡ್ಕಂಡ್ ಕೂತ್ಕಳೋನಂಗೆ ಬಂದ್ಬುಟ್ಟೆಯಲ್ಲಾ! ನಿಮ್ಮಪ್ಪ ಬಲೆ ಎಣ್ದಿದ್ನಾ, ನಿಮ್ಮವ್ವ ತೆಪ್ಪ ಒತ್ತಿದ್ಲಾ? ಮುಳ್ಳಾರ ಗಂಟ್ಲಿಗ್ ಸಿಗಾಕಳ, ನೀರೊಳಗಿದ್ರೂ ನೀರಿಗ್ ಬಾಯಾರ!”

ಅಮೃತೇಶ್ ತಮಗೆ ತಿಳಿಯದಂತೆಯೇ ಎದ್ದು ನಿಂತಿದ್ದರು. “ಇದು ಸಾಹಿತ್ಯ,” ಎಂದರು. “ಯಥಾವತ್ತಾಗಿ ಬರ್ಕೊ.”

ಮಹಜರಿನ ನಮೂನೆಯನ್ನು ಅಲ್ಲೇ ಕಲ್ಲಿನ ಮೇಲೆ ಇಟ್ಟು ತುಂಬಲಾಯಿತು. ಹೆಸರು: ನೀರುನಾಯಿ. ತಂದೆಯ ಹೆಸರು: ತಿಳಿದುಬಂದಿರುವುದಿಲ್ಲ. ಕಸುಬು: ಗ್ರಾಹಕ. ಆಧಾರ್ ಸಂಖ್ಯೆ: ಇರುವುದಿಲ್ಲ. ಷರಾ: ಸಹಿ ಮಾಡಲು ಕೋರಲಾಗಿ, ನಿರಾಕರಿಸಿ ನೀರಿಗೆ ಇಳಿದಿರುತ್ತದೆ. ಪಂಚರಾಗಿ ಸಣ್ಣಯ್ಯನೂ ಪಕ್ಕದ ತೆಪ್ಪದವನೂ ಹೆಬ್ಬೆಟ್ಟು ಒತ್ತಿದರು. ಹೇಮಲತಾ ಮೇಡಂ ಧನುಶ್ರೀಯ ಭುಜ ಹಿಡಿದು, “ಗೆದ್ದೆ ಕಣೇ,” ಎಂದರು. ಮರಿತಾಯಮ್ಮ ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟಳು.

ನಾಲ್ಕನೇ ದಿನ ಆದೇಶ ಹೊರಬಿತ್ತು:

‘ಇನ್ನೂರ ಹದಿನೇಳನೇ ಪ್ರಬಂಧವು ಸ್ಥಳ ಪರಿಶೀಲನೆಯಿಂದ ನಿಜವೆಂದು ದೃಢಪಟ್ಟಿದ್ದು, ಮೂರೂ ಇಲಾಖೆಗಳ ಉದ್ದೇಶವನ್ನು ಏಕಕಾಲಕ್ಕೆ ಈಡೇರಿಸಿರುವುದರಿಂದ, ಇನ್ನು ಮುಂದೆ, ಮಹಜರಿನಲ್ಲಿ ದಾಖಲಾದ ಬೈಗುಳವೂ ಸೇರಿ, ಇದೇ ಮಾದರಿ ಪ್ರಬಂಧವಾಗಿರತಕ್ಕದ್ದು. ಉಳಿದ ಮುನ್ನೂರ ನಾಲ್ಕು ಪ್ರಬಂಧಗಳು ಈ ಮಾದರಿಯನ್ನು ಹೋಲದೇ ಇರುವುದರಿಂದ, ಅವುಗಳನ್ನು ಏಳನೇ ನಿಯಮದಡಿ ನಕಲು ಎಂದು ಭಾವಿಸತಕ್ಕದ್ದು. ಮಾದರಿ ಪ್ರಬಂಧಕ್ಕೆ ಬಹುಮಾನ ನೀಡಲು ಅವಕಾಶವಿರುವುದಿಲ್ಲ. ಆದುದರಿಂದ ಎಲ್ಲ ವಿದ್ಯಾರ್ಥಿಗಳಿಗೂ ಮರುಸ್ಪರ್ಧೆ ನಡೆಸತಕ್ಕದ್ದು.’

ಹೇಮಲತಾ ಮೇಡಂ ಆದೇಶ ಹಿಡಿದು ಅಮೃತೇಶರ ಮೇಜಿನ ಮುಂದೆ ನಿಂತರು. “ಸಾರ್, ಬರೆದವಳಿಗೇ ಬಹುಮಾನ ಇಲ್ವಾ?”

“ಯಾಕಿಲ್ಲ ಮೇಡಂ? ಅವಳೂ ಬರೀಲಿ. ತನ್ನದನ್ನೇ ತಾನು ಬರೆಯೋದು, ಬೇರೆ ಮಕ್ಕಳಿಗಿಂತ ಅವಳಿಗೇ ಸಲೀಸು. ಇದು ಅನ್ಯಾಯ ಅಂತ ಮಿಕ್ಕವರು ಅರ್ಜಿ ಹಾಕ್ತಾರೇನೋ ಅಂತ ನನಗೆ ಭಯ.”

ಮಾತು ಸರಿ ಎಂದೇ ಮೇಡಂಗೂ ಕಂಡಿತು. ಸಮಾಧಾನದಿಂದ ಮನೆಗೆ ಹೋದರು.

ಎರಡೂ ತಾಲ್ಲೂಕುಗಳ ಮಕ್ಕಳು ಹದಿನೈದು ದಿನ ಕೂತು ಹೊಸ ಮಾದರಿಯನ್ನು ಉರು ಹೊಡೆದರು. ಸೋಮನಾಥಪುರದ ಬಸ್ಸಿನಲ್ಲಿ, ಟ್ಯೂಷನ್ನಿನಲ್ಲಿ, ಹಿತ್ತಿಲಲ್ಲಿ ಎಲ್ಲೆಲ್ಲೂ ಮಕ್ಕಳು ನೀರುನಾಯಿಯ ಮೀಸೆಗೆ ಬೆಂಕಿ ಹಾಕಿದರು. ತಂದೆ ತಾಯಂದಿರು ತಪ್ಪು ಹೇಳಿದ್ದನ್ನು ತಿದ್ದಿದರು. ಮುನ್ನೂರ ನಾಲ್ಕು ಮಕ್ಕಳೂ ಸಣ್ಣಯ್ಯನ ಮಕ್ಕಳಾದರು. ಬಿಳಿಗೆರೆ ಕಡೆಯ ಒಬ್ಬ ಹುಡುಗನ ತಂದೆ ಬಸ್ ಕಂಡಕ್ಟರು, ಅವರ ಬಲೆಯೂ ಹರಿದಿತ್ತು. ನಂಜನಗೂಡು ಪೇಟೆಯ ಮಧುಕುಮಾರ್ ಎಂಬುವನ ಮನೆಯಲ್ಲಿ ಮೀನನ್ನೇ ತರುವುದಿಲ್ಲ, ಆದರೂ ಕಾಟ್ಲಾವನ್ನು ತಲೆಯಿಂದ ಶುರು ಮಾಡಿಸಿದ. ಮೀನುಗಾರಿಕೆಯವರು, ಅರಣ್ಯದವರು ಈ ಪ್ರಬಂಧಗಳನ್ನು ಎಣಿಸಿ, ತಮ್ಮತಮ್ಮ ವರದಿಗಳಲ್ಲಿ ಮುನ್ನೂರ ನಾಲ್ಕು ನೀರುನಾಯಿಗಳು ಹೆಚ್ಚಿವೆ ಎಂದು ಹರ್ಷ ವ್ಯಕ್ತಪಡಿಸಿದರು.

ಮೌಲ್ಯಮಾಪನಕ್ಕೆ ಹೇಮಲತಾ ಮೇಡಮ್ಮೇ ಕೂತರು. ಹೆಸರು ಮುಚ್ಚಿದ್ದರೂ ನೂರ ಆರನೆಯದು ಯಾರದೆಂದು ಎರಡನೇ ಸಾಲಿಗೇ ಗೊತ್ತಾಯಿತು.

‘ನಮ್ಮೂರ ಹೊಳೆಯಲ್ಲಿ ಒಬ್ಬ ಗ್ರಾಹಕ ಇದ್ದಾನೆ ಎಂದು ನಾನು ಮೊದಲು ಬರೆದಿದ್ದೆ. ಈಗ ಗೊತ್ತಾಗಿದೆ, ಅವಳು ಹೆಣ್ಣು. ಮೊನ್ನೆಯಿಂದ ಎರಡು ಮರಿಗಳನ್ನು ಕರೆದುಕೊಂಡು ಬರುತ್ತಾಳೆ. ನೀರುನಾಯಿಯ ಮರಿಗಳಿಗೆ ಹುಟ್ಟುತ್ತಲೇ ಈಜು ಬರುವುದಿಲ್ಲ. ನೀರು ಕಂಡರೆ ಅಳುತ್ತವೆ. ಅಮ್ಮ ಕತ್ತು ಹಿಡಿದು ಎಳೆದುಕೊಂಡು ಹೋಗುತ್ತಾಳೆ. ಅಜ್ಜಿ ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ಆಮೇಲೆ, ಬಾಣಂತಿ ತಿನ್ನಲಿ ಬಿಡು ಅಂದಳು. ಅಪ್ಪ ಅವತ್ತು ಒಂದು ಕಾಟ್ಲಾವನ್ನು ಬಲೆಯಲ್ಲೇ ಬಿಟ್ಟು ಬಂದ. ಅಜ್ಜಿ ಬೈಯದೆ ಇದ್ದದ್ದೂ ಸಾಹಿತ್ಯವೇ ಇರಬಹುದು.’

ಹೇಮಲತಾ ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೊದಲಿನದಕ್ಕಿಂತ ಇದು ಚೆನ್ನಾಗಿತ್ತು. ಎಷ್ಟೋ ಚೆನ್ನಾಗಿತ್ತು.

ಶಿವಮೂರ್ತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅನುಭವಸ್ಥ. “ಇನ್ನೊಂದ್ಸಾರಿ ಮಹಜರು ಮಾಡ್ಸಣವಾ ಮೇಡಂ?” ಎಂದು ಕೇಳಿದ. “ನಿಜ ಅಂತ ಆದ್ರೆ ಇದ್ನೇ ಮಾದರಿ ಮಾಡಿ, ಎಲ್ಲಾರ್ಗೂ ಇನ್ನೊಂದ್ ಮರುಸ್ಪರ್ಧೆ ಇಟ್ಬುಡಬೋದು. ಅಷ್ಟೊತ್ತಿಗೆ ಆ ಮರಿಗಳೂ ದೊಡ್ಡವಾಗಿರ್ತವೆ, ಉಡುಗಿ ಇನ್ನೇನೋ ಬರೀತಳೆ.”

ಮೇಡಂ ಕಿಟಕಿಯ ಕಡೆ ತಿರುಗಿದರು. ಮುನ್ನೂರ ನಾಲ್ಕು ಮಕ್ಕಳು ಮುನ್ನೂರ ನಾಲ್ಕು ಜೊತೆ ಮರಿಗಳ ಕತ್ತು ಹಿಡಿದು ಎಳೆದುಕೊಂಡು ಬರುವುದು ಅವರ ಕಣ್ಣಿಗೆ ಕಟ್ಟಿತು. ಆ ಮರಿಗಳಾದರೂ ಉಳಿದುಕೊಳ್ಳಲಿ ಎಂದುಕೊಂಡರೋ, ಇಪ್ಪತ್ತೆರಡು ವರ್ಷದ ಕೈಯ ಅಭ್ಯಾಸವೋ, ಅವರಿಗೇ ಗೊತ್ತಿಲ್ಲ. ಕೆಂಪು ಪೆನ್ನು ತೆಗೆದು, ಮಾದರಿಯಿಂದ ದೂರ ಸರಿದ ಪ್ರತಿಯೊಂದು ವಾಕ್ಯದ ಕೆಳಗೂ ಗೆರೆ ಎಳೆದರು. ಇಪ್ಪತ್ತೈದಕ್ಕೆ ಎರಡು ಬಂತು.

ಇಪ್ಪತ್ತೈದಕ್ಕೆ ಇಪ್ಪತ್ತೈದು ಬಂದದ್ದು ಮಧುಕುಮಾರನಿಗೆ.

ಮೈಸೂರಿನ ಸಮಾರಂಭಕ್ಕೆ ಮರಿತಾಯಮ್ಮನನ್ನು ಕರೆಸದೇ ಇರಲಿಲ್ಲ. ವಿಜೇತನ ಪ್ರಬಂಧದಲ್ಲಿ ‘ಅಜ್ಜಿ ಇದ್ದಾಳೆ’ ಎಂದು ಇದ್ದು, ಆ ಅಜ್ಜಿ ಯಾರೆಂಬುದು ಮಹಜರಿನಲ್ಲಿ ದಾಖಲಾಗಿದ್ದರಿಂದ ನಿಯಮದ ಪ್ರಕಾರ ಮುಂದಿನ ಸಾಲಿನ ಕುರ್ಚಿ ಅವಳದೇ. ಧನುಶ್ರೀಗೆ ಹಿಂದೆ ಎಲ್ಲೋ ಹೇಮಲತಾ ಮೇಡಂ ಪಕ್ಕ ಜಾಗ ಸಿಕ್ಕಿತು. ಮಧುಕುಮಾರ್ ಟೈ ಕಟ್ಟಿಕೊಂಡು ಮೈಕಿನ ಮುಂದೆ ನಿಂತು, ಹಕಾರಗಳನ್ನೆಲ್ಲ ಶುದ್ಧವಾಗಿ ಉಚ್ಚರಿಸುತ್ತ ನೀರುನಾಯಿಯನ್ನು ಬೈದ. ಸಭೆ ಚಪ್ಪಾಳೆ ತಟ್ಟಿತು. ಗಣ್ಯರೊಬ್ಬರು ಎದ್ದು ಬಂದು ಮರಿತಾಯಮ್ಮನಿಗೆ ಇಂಥ ಮೊಮ್ಮಗನನ್ನು ಪಡೆದದ್ದಕ್ಕೆ ಶಾಲು ಹೊದಿಸಿದರು.

ಹೊರಗೆ ಊಟದ ಸಾಲಿನಲ್ಲಿ ಹೇಮಲತಾ ಮೇಡಂ ಅಂಜುತ್ತಲೇ ಕೇಳಿದರು. “ಹೇಗಿತ್ತಮ್ಮ?”

“ಕೂಸು ಚೆನ್ನಾಗದೆ ಮೇಡಮ್ಮ,” ಎಂದಳು ಮರಿತಾಯಮ್ಮ. “ಬೈಯಕ್ ಬರಲ್ಲ ಅಷ್ಟೆ. ಒಟ್ಟೆ ಉರೀಬೇಕು ಬೈಬೇಕಾದ್ರೆ. ಅದ್ರ ಬಲೆ ಏನ್ ಅರ್ದಿತ್ತಾ, ಪಾಪ.” ಶಾಲನ್ನು ಮಡಿಸಿ ಮೊಮ್ಮಗಳ ಕೈಗೆ ಕೊಟ್ಟಳು. ಧನುಶ್ರೀ ಅದನ್ನು ತೆಗೆದುಕೊಂಡು ಸಾಲಿನಲ್ಲಿ ಮುಂದೆ ಹೋದಳು.

ಆ ರಾತ್ರಿ ಹೇಮಲತಾ ಮೇಡಂಗೆ ನಿದ್ದೆ ಬರಲಿಲ್ಲ. ತಾವು ಹಾಕಿದ ಅಂಕದ ಕಾರಣವನ್ನು ಆ ಹುಡುಗಿಗೆ ಹೇಳಲೇಬೇಕು, ನೀನು ಬರೆದದ್ದೇ ಸರಿ, ನಾನೇ ತಪ್ಪು ಎಂದು ಬಾಯಿಬಿಟ್ಟು ಹೇಳಲೇಬೇಕು ಎಂದು ತೀರ್ಮಾನಿಸಿ, ಭಾನುವಾರ ಬೆಳಗ್ಗೆ ಮೊದಲನೇ ಬಸ್ಸಿಗೇ ಹೊಳೆಸಾಲಿಗೆ ಹೋದರು.

ಧನುಶ್ರೀ ದಡದ ಕಲ್ಲಿನ ಮೇಲೆ ಹೊಳೆಗೆ ಬೆನ್ನು ಹಾಕಿ ಕೂತಿದ್ದಳು. ಕಣ್ಣು ಮುಚ್ಚಿತ್ತು, ತುಟಿ ಅಲ್ಲಾಡುತ್ತಿತ್ತು. ತೊಡೆಯ ಮೇಲೆ ಮಾದರಿ ಪ್ರಬಂಧದ ಜೆರಾಕ್ಸು.

“ಧನು, ನಿನ್ನ ಪ್ರಬಂಧ…” ಎಂದು ಮೇಡಂ ಶುರು ಮಾಡಿದರು.

“ಗೊತ್ತು ಮಿಸ್, ನಂದೇ ತಪ್ಪು,” ಹುಡುಗಿ ಕಣ್ಣು ಬಿಟ್ಟು ನಕ್ಕಳು. “ಬರೀವಾಗ ಸುಮ್ನೆ ಒಳೆ ಕಡೆ ನೋಡ್ಬುಟ್ಟೆ. ಬರೋ ವರ್ಷಾನೂ ಇದೇ ಮಾದರಿಯಂತೆ, ಶಿವಮೂರ್ತಿ ಸಾರ್ ಹೇಳುದ್ರು. ಈಗ್ಲಿಂದ್ಲೇ ಬಾಯಿಪಾಠ ಮಾಡ್ತಾವ್ನಿ. ನೀವು ಇಡ್ಕಳಿ ಮಿಸ್, ನಾನು ಹೇಳ್ತೀನಿ, ತಪ್ಪಿದ್ರೆ ಹೇಳಿ.”

ಜೆರಾಕ್ಸು ಮೇಡಂ ಕೈಗೆ ಬಂತು. ಮೈಕು ಬೇಕೆಂದು ಮಗು ಕೇಳಿದ್ದು ಅವರನ್ನೇ ಅಲ್ಲವೆ? ಕಲ್ಲಿನ ಮೇಲೆ ಪಕ್ಕದಲ್ಲಿ ಕೂತರು.

“ನಮ್ಮೂರ ಹೊಳೆಯಲ್ಲಿ ಒಬ್ಬ ಗ್ರಾಹಕ ಇದ್ದಾನೆ. ಅವನು ನೀರುನಾಯಿ. ಬೆಳಗ್ಗೆ ಆರು ಗಂಟೆಗೆ ಅಪ್ಪನ ಬಲೆಗೆ…”

“ನಮ್ಮಪ್ಪ ಸಣ್ಣಯ್ಯನ ಬಲೆಗೆ,” ಮೇಡಂ ತಿದ್ದಿದರು.

“ನಮ್ಮಪ್ಪ ಸಣ್ಣಯ್ಯನ ಬಲೆಗೆ ಬರುತ್ತಾನೆ.”

ಹಿಂದೆ ನೀರು ಕಲಕಿದ ಸದ್ದಾಯಿತು. ಮರಿತಾಯಮ್ಮ ಗುಡಿಸಲ ಬಾಗಿಲಿಂದ ಕೂಗಿದಳು, “ಏ ಧನೂ, ಬಂದ್ ನೋಡೇ! ಮರಿಗಳೆರಡೂ ತಾವೇ ಈಜ್ತಾವೆ ಕಣೇ, ಅವ್ವನ್ನ ಬುಟ್ಟು! ಮೇಡಮ್ಮ, ನೀವಾರ ನೋಡಿ!”

“ಸುಮ್ಕಿರಜ್ಜಿ, ತಪ್ಪೋಯ್ತದೆ,” ಎಂದಳು ಧನುಶ್ರೀ, ತಿರುಗದೆ.

ಮೇಡಂ ಸಾಲಿನ ಮೇಲೆ ಇಟ್ಟಿದ್ದ ಬೆರಳನ್ನು ತೆಗೆಯಲಿಲ್ಲ. “ಮೀನುಗಳನ್ನು,” ಎಂದು ಮುಂದಿನ ಪದ ಎತ್ತಿಕೊಟ್ಟರು.

“ಮೀನುಗಳನ್ನು ಒಂದೊಂದೇ ಮೂಸುತ್ತಾನೆ,” ಎಂದಳು ಹುಡುಗಿ, ಒಂದಕ್ಷರವೂ ತಪ್ಪದೆ.